ಸಿಸ್–ಟ್ರಾನ್ಸ್ ಸಮಾಂಗತೆ: ದ್ವಿಬಂಧ ಇದ್ದ ಮಾತ್ರಕ್ಕೆ ಸಾಲದು

ಪ್ರಶ್ನೆ, ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾಸನ:
ನಮಸ್ಕಾರ ಸರ್. ಬ್ಯೂಟ್-2-ಈನ್‌ಗೆ ಸಿಸ್ (ಒಂದೇ ಬಗೆಯ ಗುಂಪುಗಳು ದ್ವಿಬಂಧದ ಒಂದೇ ಬದಿಯಲ್ಲಿ) ಮತ್ತು ಟ್ರಾನ್ಸ್ (ಎದುರು ಬದಿಗಳಲ್ಲಿ) ಎಂಬ ಎರಡು ರೂಪಗಳಿವೆ, ಬ್ಯೂಟ್-1-ಈನ್‌ಗೆ ಇಲ್ಲ ಎಂದು ಓದಿದ್ದೇನೆ. ಎರಡರಲ್ಲೂ ದ್ವಿಬಂಧವಿದೆಯಲ್ಲವೇ? ಹಾಗೆಯೇ 1,2-ಡೈಕ್ಲೋರೋಈಥೇನ್‌ನ ಕ್ಲೋರಿನ್‌ಗಳನ್ನು ಹೇಗೆ ಬರೆದರೂ ಅದು ಒಂದೇ ವಸ್ತು, ಈಥೀನ್ ಆದ ಕೂಡಲೇ ಎರಡು ಬೇರೆ ವಸ್ತುಗಳು ಎನ್ನುತ್ತಾರೆ. ಇದಕ್ಕೆ ಕಾರಣವೇನು?

ಉತ್ತರ, ರಸಾಯನಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು:
ಎರಡನೆಯ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡರೆ ಮೊದಲನೆಯದು ಸುಲಭವಾಗುತ್ತದೆ. ಏಕಬಂಧವೆಂದರೆ ಎರಡು ಕಾರ್ಬನ್‌ಗಳ ನಡುವಿನ ನೇರರೇಖೆಯ ಸುತ್ತ ಹರಡಿರುವ ಸಿಗ್ಮಾ ಬಂಧ. ಒಂದು ಕಾರ್ಬನ್ ತಿರುಗಿದರೂ ಅದಕ್ಕೆ ಧಕ್ಕೆಯಾಗುವುದಿಲ್ಲ. ಈಥೇನ್‌ನಲ್ಲಿ ಈ ತಿರುಗುವಿಕೆಗೆ ಬೇಕಾದ ಶಕ್ತಿ ಮೋಲ್‌ಗೆ ಸುಮಾರು 12 ಕಿಲೋಜೂಲ್ ಅಷ್ಟೇ. ಡೈಕ್ಲೋರೋಈಥೇನ್‌ಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು, ಆದರೂ ಕೊಠಡಿಯ ತಾಪದಲ್ಲಿ ಅದು ಎಡೆಬಿಡದೆ ತಿರುಗುತ್ತಲೇ ಇರುತ್ತದೆ. ನೀವು ಬರೆದ ಎರಡು ಚಿತ್ರಗಳು ಒಂದೇ ಅಣುವಿನ ಎರಡು ಗಳಿಗೆಗಳು.

ದ್ವಿಬಂಧದಲ್ಲಿ ಸಿಗ್ಮಾ ಜೊತೆಗೆ ಪೈ ಬಂಧವೂ ಇದೆ. ಅದು ಎರಡು ಕಾರ್ಬನ್‌ಗಳ ಪಿ ಕಕ್ಷಕಗಳು (ಇಲೆಕ್ಟ್ರಾನ್‌ಗಳಿರುವ ಡಂಬೆಲ್ ಆಕಾರದ ಪ್ರದೇಶಗಳು) ಪಕ್ಕಪಕ್ಕದಲ್ಲಿ ನಿಂತು, ಅಣುವಿನ ಸಮತಲದ ಮೇಲೆ ಮತ್ತು ಕೆಳಗೆ ಒಂದನ್ನೊಂದು ಆವರಿಸಿದಾಗ ಉಂಟಾಗುತ್ತದೆ. ಒಂದು ಕಾರ್ಬನ್ನನ್ನು 90 ಡಿಗ್ರಿ ತಿರುಗಿಸಿದರೆ ಈ ಆವರಿಕೆ ಇಲ್ಲವಾಗಿ ಪೈ ಬಂಧವೇ ಮುರಿಯುತ್ತದೆ, ಅದಕ್ಕೆ ಮೋಲ್‌ಗೆ ಸುಮಾರು 260 ಕಿಲೋಜೂಲ್ ಬೇಕು. ಕೊಠಡಿಯ ತಾಪದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಹೀಗಾಗಿ ಸಿಸ್ ಸಿಸ್ ಆಗಿಯೇ, ಟ್ರಾನ್ಸ್ ಟ್ರಾನ್ಸ್ ಆಗಿಯೇ ಸೀಸೆಯಲ್ಲಿ ಉಳಿಯುತ್ತವೆ.

ಇದು ಮೊದಲ ಷರತ್ತು. ಎರಡನೆಯದನ್ನೇ ಹೆಚ್ಚಿನವರು ಮರೆಯುವುದು: ದ್ವಿಬಂಧದ ಎರಡೂ ಕಾರ್ಬನ್‌ಗಳಲ್ಲಿ, ಪ್ರತಿಯೊಂದರ ಮೇಲೂ, ಎರಡು ಬೇರೆ ಬೇರೆ ಗುಂಪುಗಳಿರಬೇಕು. ಬ್ಯೂಟ್-1-ಈನ್‌ನ ತುದಿಯ ಕಾರ್ಬನ್ ಮೇಲೆ ಇರುವುದು ಎರಡೂ ಹೈಡ್ರೋಜನ್. ಅವುಗಳನ್ನು ಅದಲುಬದಲು ಮಾಡಿದರೆ ಏನೂ ಬದಲಾಗದು. ಬ್ಯೂಟ್-2-ಈನ್‌ನ ಎರಡೂ ಕಾರ್ಬನ್‌ಗಳ ಮೇಲೆ ಒಂದು ಹೈಡ್ರೋಜನ್, ಒಂದು ಮೀಥೈಲ್ (CH₃) ಇವೆ. ಅಲ್ಲಿ ಅದಲುಬದಲು ಮಾಡಿದರೆ ಬೇರೆಯೇ ವಸ್ತು ಸಿಗುತ್ತದೆ. ಚಿತ್ರ ಬರೆಯುವಾಗ ಬಂಧಗಳನ್ನು 120 ಡಿಗ್ರಿ ಕೋನದಲ್ಲಿ ಎಳೆಯಿರಿ. ಎಲ್ಲವನ್ನೂ ಒಂದೇ ಗೆರೆಯಲ್ಲಿ ಬರೆಯುವ ಅಭ್ಯಾಸವಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಇದು ಕಾಗದದ ಮೇಲಿನ ಕಸರತ್ತಲ್ಲ. ಮ್ಯಾಲೇಯಿಕ್ ಆಮ್ಲ ಸಿಸ್, ಫ್ಯುಮಾರಿಕ್ ಆಮ್ಲ ಟ್ರಾನ್ಸ್. ಅಣುಸೂತ್ರ ಒಂದೇ, ನೋಡಲು ಎರಡೂ ಬಿಳಿ ಪುಡಿ. ಎರಡು ಪ್ರನಾಳಗಳಲ್ಲಿ ಹತ್ತು ಹತ್ತು ಮಿಲಿಲೀಟರ್ ನೀರಿಗೆ ಒಂದೊಂದು ಗ್ರಾಂ ಹಾಕಿ ಅಲುಗಾಡಿಸಿದರೆ ಮ್ಯಾಲೇಯಿಕ್ ಪೂರ್ತಿ ಕರಗಿ ನೀರು ತಿಳಿಯಾಗುತ್ತದೆ, ಫ್ಯುಮಾರಿಕ್‌ನ ಬಹುಪಾಲು ತಳದಲ್ಲೇ ಕೂರುತ್ತದೆ. ಮ್ಯಾಲೇಯಿಕ್ ಆಮ್ಲವನ್ನು ಕಾಯಿಸಿದರೆ ಒಂದೇ ಬದಿಯಲ್ಲಿರುವ ಎರಡು ಕಾರ್ಬಾಕ್ಸಿಲ್ (COOH) ಗುಂಪುಗಳು ನೀರನ್ನು ಕಳೆದುಕೊಂಡು ಸುಲಭವಾಗಿ ಅನ್‌ಹೈಡ್ರೈಡ್ ಉಂಗುರವಾಗುತ್ತವೆ. ಫ್ಯುಮಾರಿಕ್‌ನಲ್ಲಿ ಅವು ಎದುರು ಬದಿಗಳಲ್ಲಿರುವುದರಿಂದ ಹಾಗೆ ಕೂಡಲಾರವು. 1874ರಲ್ಲಿ ಕಾರ್ಬನ್‌ನ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆ ಎಂದು ಪ್ರತಿಪಾದಿಸಿದ ಡಚ್ ರಸಾಯನವಿಜ್ಞಾನಿ ವಾಂಟ್ ಹಾಫ್, ಈ ಜೋಡಿಯ ಒಗಟನ್ನೂ ಅದೇ ವಿಚಾರದಿಂದ ಬಿಡಿಸಿದರು. ರಸಾಯನಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಸಂದದ್ದು ಅವರಿಗೇ, ಬೇರೆ ಕೆಲಸಕ್ಕಾಗಿ.

ಅದೇ ವಿದ್ಯಾರ್ಥಿನಿ:
ಧನ್ಯವಾದಗಳು ಸರ್. ಕುದಿಯುವ ಬಿಂದು ಸಿಸ್‌ಗೆ ಹೆಚ್ಚು, ಕರಗುವ ಬಿಂದು ಟ್ರಾನ್ಸ್‌ಗೆ ಹೆಚ್ಚು ಎಂದಿದೆ. ಒಂದೇ ಜೋಡಿಯಲ್ಲಿ ಹೀಗೆ ತಿರುಗುಮುರುಗು ಆಗುವುದು ಹೇಗೆ?

ಉತ್ತರ:
1,2-ಡೈಕ್ಲೋರೋಈಥೀನನ್ನೇ ನೋಡಿ. ಸಿಸ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಟ್ರಾನ್ಸ್ 48ರಲ್ಲಿ. ಸಿಸ್‌ನಲ್ಲಿ ಎರಡು ಕ್ಲೋರಿನ್‌ಗಳ ಎಳೆತ ಒಂದೇ ಕಡೆಗೆ ಇರುವುದರಿಂದ ಅಣು ಧ್ರುವೀಯವಾಗುತ್ತದೆ (ಒಂದು ಬದಿ ತುಸು ಋಣ, ಇನ್ನೊಂದು ತುಸು ಧನ), ಅಣುಗಳು ಪರಸ್ಪರ ಬಲವಾಗಿ ಸೆಳೆಯುತ್ತವೆ. ಟ್ರಾನ್ಸ್‌ನಲ್ಲಿ ಎಳೆತಗಳು ಒಂದನ್ನೊಂದು ರದ್ದುಪಡಿಸುತ್ತವೆ. ಆದರೆ ಕರಗುವಿಕೆ ಹರಳಿನ ಮಾತು. ಸಮ್ಮಿತಿಯುಳ್ಳ ಟ್ರಾನ್ಸ್ ಅಣುಗಳು ಹರಳಿನಲ್ಲಿ ಒತ್ತೊತ್ತಾಗಿ ಜೋಡಿಸಿಕೊಳ್ಳುವುದರಿಂದ ಟ್ರಾನ್ಸ್ ಕರಗುವುದು ಮೈನಸ್ 50ರ ಆಸುಪಾಸಿನಲ್ಲಿ, ಸಿಸ್ ಮೈನಸ್ 80ರ ಆಸುಪಾಸಿನಲ್ಲಿ.

ಒಂದು ಎಚ್ಚರಿಕೆ: ‘ಟ್ರಾನ್ಸ್ ಯಾವಾಗಲೂ ಹೆಚ್ಚು ಸ್ಥಿರ’ ಎಂದು ಬಾಯಿಪಾಠ ಮಾಡಬೇಡಿ. ಬ್ಯೂಟ್-2-ಈನ್‌ನಲ್ಲಿ ಅದು ನಿಜ, ಏಕೆಂದರೆ ಒಂದೇ ಬದಿಯ ಮೀಥೈಲ್‌ಗಳು ಪರಸ್ಪರ ಒತ್ತುತ್ತವೆ. ಡೈಕ್ಲೋರೋಈಥೀನ್‌ನಲ್ಲಿ ಸಿಸ್ ರೂಪವೇ ತುಸು ಹೆಚ್ಚು ಸ್ಥಿರ.

ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ:
ಸಿಸ್ ಎಂದರೆ ಝಡ್, ಟ್ರಾನ್ಸ್ ಎಂದರೆ ಇ ಎಂದು ಬರೆಯಬಹುದೇ ಸರ್?

ಉತ್ತರ:
ಬಹಳ ಸಲ ಸರಿಹೋಗುತ್ತದೆ, ಆದರೆ ಅದು ನಿಯಮವಲ್ಲ. ಇ–ಝಡ್ ಪದ್ಧತಿಯಲ್ಲಿ ಪ್ರತಿ ಕಾರ್ಬನ್ ಮೇಲೆ ಪರಮಾಣು ಸಂಖ್ಯೆ ಹೆಚ್ಚಿರುವ ಗುಂಪಿಗೆ ಆದ್ಯತೆ. ಆದ್ಯತೆಯ ಎರಡು ಗುಂಪುಗಳು ಒಂದೇ ಬದಿಯಲ್ಲಿದ್ದರೆ ಝಡ್, ಎದುರು ಬದಿಗಳಲ್ಲಿದ್ದರೆ ಇ. 1-ಬ್ರೋಮೋ-1,2-ಡೈಕ್ಲೋರೋಈಥೀನ್‌ನಲ್ಲಿ ಎರಡು ಕ್ಲೋರಿನ್‌ಗಳು ಒಂದೇ ಬದಿಯಲ್ಲಿದ್ದರೆ ಅದನ್ನು ಸಿಸ್ ಎನ್ನುತ್ತೀರಿ. ಆದರೆ ಮೊದಲ ಕಾರ್ಬನ್ ಮೇಲೆ ಆದ್ಯತೆ ಬ್ರೋಮಿನ್‌ಗೆ, ಅದು ಎರಡನೆಯ ಕಾರ್ಬನ್‌ನ ಕ್ಲೋರಿನ್‌ಗೆ ಎದುರು ಬದಿಯಲ್ಲಿದೆ. ಆದ್ದರಿಂದ ಅದು ಇ.

ಬೆಳೆಗಾರ, ಮೂಡಿಗೆರೆ:
ಕಾಳುಮೆಣಸಿನ ಖಾರಕ್ಕೂ ಈ ಸಿಸ್–ಟ್ರಾನ್ಸ್‌ಗೂ ಸಂಬಂಧವಿದೆ, ಬೆಳಕಿಗೆ ಖಾರ ಇಳಿಯುತ್ತದೆ ಎಂದು ಯಾರೋ ಹೇಳಿದರು. ನಾವು ಕಣದಲ್ಲಿ ಬಿಸಿಲಿಗೇ ಒಣಗಿಸುವವರು. ನಿಜವೇ ಮೇಷ್ಟ್ರೇ?

ಉತ್ತರ:
ಸಂಬಂಧ ಇರುವುದು ನಿಜ. ಖಾರ ಕೊಡುವ ಪೈಪರಿನ್‌ನ ಸರಪಳಿಯಲ್ಲಿ ಎರಡು ದ್ವಿಬಂಧಗಳಿದ್ದು, ಎರಡೂ ಟ್ರಾನ್ಸ್ ರೂಪದಲ್ಲಿವೆ. ಶಾಖ ಸುಲಭವಾಗಿ ಮಾಡಲಾಗದ್ದನ್ನು ಬೆಳಕು ಮಾಡುತ್ತದೆ: ಬೆಳಕನ್ನು ಹೀರಿದ ಅಣುವಿನಲ್ಲಿ ಪೈ ಬಂಧ ಸಡಿಲಗೊಂಡು, ತಿರುಗಲು ದಾರಿಯಾಗುತ್ತದೆ. ಪೈಪರಿನ್ ದ್ರಾವಣವನ್ನು ಬೆಳಕಿಗೆ ಇಟ್ಟರೆ ಒಂದು ಅಥವಾ ಎರಡೂ ದ್ವಿಬಂಧಗಳು ಸಿಸ್‌ಗೆ ತಿರುಗಿದ ಮೂರು ಸಮಾಂಗಿಗಳು (ಅಣುಸೂತ್ರ ಒಂದೇ, ಜೋಡಣೆ ಬೇರೆಯಾದ ವಸ್ತುಗಳು) ಹುಟ್ಟುತ್ತವೆ, ಅವುಗಳಲ್ಲಿ ಖಾರ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಇಡೀ ಕಾಳಿನಲ್ಲಿ ಪೈಪರಿನ್ ಇರುವುದು ಕಪ್ಪು ಸಿಪ್ಪೆಯ ಒಳಗಿನ ತಿರುಳಿನಲ್ಲಿ. ಬಿಸಿಲು ಅಲ್ಲಿಗೆ ಮುಟ್ಟುವುದಿಲ್ಲ. ಕಣದಲ್ಲಿ ನಿಶ್ಚಿಂತೆಯಿಂದ ಒಣಗಿಸಿ. ಪುಡಿ ಮಾಡಿದ ಮೆಣಸನ್ನು ಮಾತ್ರ ಗಾಜಿನ ಸೀಸೆಯಲ್ಲಿ ಕಿಟಕಿಯ ಬಳಿ ಇಡಬೇಡಿ, ಅಲ್ಲಿ ಬೆಳಕು ಖಾರ ಇಳಿಸುವ ಮೊದಲೇ ಘಮ ಹಾರಿಹೋಗುತ್ತದೆ.