ಅಪ್‌ಡೇಟ್: ಮಳೆಗಾಲದಲ್ಲಿ ಬಳಸದ ಅಂಚೆಚೀಟಿಗಳ ಆಲ್ಬಂ

ಮಡಿಕೇರಿಯ ಮಳೆಗಾಲದ ತೇವದಲ್ಲಿ, ಬಳಸದ ಅಂಚೆಚೀಟಿಗಳನ್ನು ಹಿಂಬದಿಯ ಅಂಟು ಕೆಡದಂತೆ ಆಲ್ಬಮ್ಮಿನಲ್ಲಿ ಹೇಗೆ ಜೋಡಿಸಬೇಕೆಂದು ಜೂನ್ ತಿಂಗಳಲ್ಲಿ ಕೇಳಿದ್ದೆ. ಹಿಂಜ್ (ಚೀಟಿಯ ಬೆನ್ನಿಗೆ ಹಚ್ಚಿ ಹಾಳೆಗೆ ಅಂಟಿಸುವ ಪುಟ್ಟ ಕಾಗದದ ಪಟ್ಟಿ) ಬೇಡವೆಂಬ ನಿಮ್ಮ ಸಲಹೆ ಸರಿಯಾಗಿತ್ತು. ಅದನ್ನು ಅಂಟಿಸಿದರೆ ಮೂಲ ಅಂಟಿನ ಮೇಲೆ ಗುರುತು ಉಳಿದು ಚೀಟಿಯ ಬೆಲೆ ಇಳಿಯುತ್ತದೆ. ಆದ್ದರಿಂದ ಚೀಟಿಯನ್ನು ಒಳಗಿಡುವ, ಕಪ್ಪು ಹಿನ್ನೆಲೆಯ ಪಾರದರ್ಶಕ ಪ್ಲಾಸ್ಟಿಕ್ ಕವಚಗಳಾದ ಮೌಂಟ್‌ಗಳನ್ನು ತರಿಸಿ, ಚೀಟಿಗಿಂತ ಸುಮಾರು 2 ಮಿಲಿಮೀಟರ್ ಅಗಲವಾಗಿ ಕತ್ತರಿಸಿ, ಮೌಂಟಿನ ಬೆನ್ನಿಗೆ ಮಾತ್ರ ತುಸು ನೀರು ಸವರಿ ಹಾಳೆಗೆ ಅಂಟಿಸಿ, ಅದು ಪೂರ್ತಿ ಒಣಗಿದ ಮೇಲೆಯೇ ಚಿಮಟದಿಂದ ಚೀಟಿಯನ್ನು ಒಳಗಿಟ್ಟೆ. ಅಜ್ಜ ಉಳಿಸಿಹೋದ, 1948ರ ಆಗಸ್ಟ್ 15ರಂದು ಹೊರಬಂದ ಗಾಂಧೀಜಿಯವರ ಒಂದೂವರೆ ಆಣೆಯ ಚೀಟಿ ಆ ಕಪ್ಪಿನ ಮೇಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು. ಆಲ್ಬಮ್ಮನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಮೊದಲೇ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಚೀಟಿಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ.