ಸಹಾಯ ಬೇಕು: ರೋ-ಎ ಪ್ರೋಟೀನ್ ಕೋಶಸಂಧಿಯನ್ನು ಕಟ್ಟುತ್ತದೆಯೋ, ಬಿಡಿಸುತ್ತದೆಯೋ?

ಎಲ್ಲರಿಗೂ ನಮಸ್ಕಾರ. ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಜೀವಕೋಶಗಳಲ್ಲಿ ಸಂಧಿಗಳು, ಅಂದರೆ ಅಕ್ಕಪಕ್ಕದ ಕೋಶಗಳನ್ನು ಬೆಸೆಯುವ ಜೋಡಣೆಗಳು, ರೂಪುಗೊಳ್ಳುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದೇನೆ. ಪೋಷಕ ದ್ರವದ ಕ್ಯಾಲ್ಸಿಯಂ ತೆಗೆದರೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಪ್ರೋಟೀನಿನ ಹಿಡಿತ ಸಡಿಲಗೊಂಡು ಕೋಶಗಳು ದುಂಡಗಾಗಿ ಬೇರ್ಪಡುತ್ತವೆ. ಅದನ್ನು ಮತ್ತೆ 1.8 ಮಿಲಿಮೋಲಾರ್‌ಗೆ ಏರಿಸಿದರೆ ಕೆಲವು ಗಂಟೆಗಳಲ್ಲಿ ಪುನಃ ಕೂಡಿಕೊಳ್ಳುತ್ತವೆ. ಇಲ್ಲಿಯವರೆಗೆ ತೊಡಕಿಲ್ಲ.

ತೊಡಕಿರುವುದು ರೋ-ಎ ಸಂಕೇತ ಪ್ರೋಟೀನಿನ ವಿಷಯದಲ್ಲಿ. ಅದರ ಕೆಳಗೆ ಕೆಲಸ ಮಾಡುವ ರಾಕ್ ಕಿಣ್ವವನ್ನು ವೈ-27632 ಎಂಬ ತಡೆಕಾರಕ ಬಳಸಿ ತಡೆದಾಗ, ಕೋಶದ ಅಂಚಿನಲ್ಲಿ ಅಖಂಡ ಗೆರೆಯಾಗಿ ಹೊಳೆಯಬೇಕಾದ, ಸಂಧಿಯ ಗುರುತಾದ ಪ್ರೋಟೀನ್ ಜಡ್‌ಒ-1 ತುಂಡುತುಂಡಾಗಿ ಕಾಣಿಸಿತು. ಅಂದರೆ ಸಂಧಿ ಕಟ್ಟಲು ಈ ಸಂಕೇತ ಬೇಕು. ಆದರೆ ರಕ್ತನಾಳದ ಒಳಪದರದ ಕೋಶಗಳಿಗೆ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವ ತಗುಲಿದಾಗ ಇದೇ ರೋ-ಎ ಚುರುಕಾಗಿ, ಕೋಶವನ್ನು ಕುಗ್ಗಿಸುವ ಮಯೋಸಿನ್ ಪ್ರೋಟೀನಿನ ಎಳೆತಕ್ಕೆ ಸಂಧಿಗಳು ಬಿರಿಯುತ್ತವೆ. ತಡೆಕಾರಕದ ಪ್ರಮಾಣ ತಗ್ಗಿಸಿ ನೋಡಿದೆ, ತಡವಾಗಿ ಸೇರಿಸಿಯೂ ನೋಡಿದೆ. ಅದು ಇಡೀ ಕೋಶದಲ್ಲಿ ರಾಕನ್ನು ತಡೆಯುವುದರಿಂದ, ನಿಜ ಹೇಳಬೇಕೆಂದರೆ, ಆ ದಾರಿಯಲ್ಲಿ ಉತ್ತರ ಸಿಗುವಂತಿಲ್ಲ. ಪಿ114-ರೋಜಿಇಎಫ್ ಎಂಬ ಪ್ರೋಟೀನ್ ಸಂಧಿಯಲ್ಲಿಯೇ ರೋ-ಎಯನ್ನು ಚುರುಕುಗೊಳಿಸುತ್ತದೆ, ರೋ-ಎಯನ್ನು ಚುರುಕುಗೊಳಿಸುವ ಇನ್ನೊಂದು ಪ್ರೋಟೀನಾದ ಜಿಇಎಫ್-ಎಚ್1 ಅನ್ನು ಮಾತ್ರ ಸಂಧಿಯ ಸಿಂಗುಲಿನ್ ಪ್ರೋಟೀನ್ ಅಲ್ಲಿ ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ ಎಂದು ಓದಿದ ಮೇಲೆ, ಪ್ರಮಾಣಕ್ಕಿಂತ ಸ್ಥಳವೇ ಮುಖ್ಯವೆಂದು ನನಗನ್ನಿಸುತ್ತಿದೆ.

ಹೀಗಿರುವಾಗ ಸಂಧಿಯ ಬಳಿಯ ರೋ-ಎ ಚಟುವಟಿಕೆಯನ್ನಷ್ಟೇ ಪ್ರತ್ಯೇಕವಾಗಿ ಅಳೆಯಲು ಜೀವಂತ ಕೋಶಗಳಲ್ಲಿ ಪ್ರೋಟೀನಿನ ಚಟುವಟಿಕೆಯನ್ನು ಹೊಳಪಿನ ಬದಲಾವಣೆಯಿಂದ ತೋರಿಸುವ ಫ್ರೆಟ್ ಸಂವೇದಕವೊಂದೇ ಸಾಕೇ, ಇಲ್ಲವೇ ಪಿ114-ರೋಜಿಇಎಫ್ ಅನ್ನು ಆರ್‌ಎನ್‌ಎ ತಡೆಯಿಂದ (ಕೋಶದಲ್ಲಿ ಅದರ ತಯಾರಿಕೆಯನ್ನೇ ತಡೆದು) ತಗ್ಗಿಸಿಯೂ ಹೋಲಿಸಬೇಕೇ? ಈ ಪ್ರಯೋಗ ಮಾಡಿದವರು ದಯವಿಟ್ಟು ತಿಳಿಸಿ.