ರಾಜನ ಪಾರ್ಟನ್ನು ಬೇರೆಯವರಿಗೆ ಕೊಡಬಹುದಿತ್ತಾ?

ಮಂಡಕ್ಕಿ_ಮಿರ್ಚಿ (ದಾವಣಗೆರೆ):

ಭಾನುವಾರ ಅಕ್ಕನ ಮಗನ ಜೊತೆ 'ಬ್ಲ್ಯಾಕ್ ಪ್ಯಾಂಥರ್' ಇಂಗ್ಲಿಷ್ ಸಿನಿಮಾದ ಎರಡೂ ಭಾಗ ಒಟ್ಟಿಗೇ ನೋಡಿದೆ. ಅವನಿಗೆ ಒಂಬತ್ತು ವರ್ಷ. ಎರಡನೇದು ಶುರುವಾಗಿ ಸ್ವಲ್ಪ ಹೊತ್ತಿಗೇ ರಾಜ ಟಿಚಲ್ಲಾನ ಶವಪೆಟ್ಟಿಗೆ ಬಂತು. "ಮಾಮ, ರಾಜ ಬರಲೇ ಇಲ್ಲವಲ್ಲ?" ಅಂದ. ಆ ನಟ ನಿಜವಾಗಲೂ ತೀರಿಹೋದ ಕಣೋ ಅಂದೆ. "ಬೇರೆಯವರಿಗೆ ಆ ಡ್ರೆಸ್ ಹಾಕಿಸಬಹುದಿತ್ತಲ್ಲ" ಅಂದುಬಿಟ್ಟ.

ಉತ್ತರ ಹೊಳೆಯಲಿಲ್ಲ. ಯಾಕೆಂದರೆ ನಮ್ಮೂರಲ್ಲಿ ಹಾಗೇ ಮಾಡಿದ್ದರು. ಹೊಳಲ್ಕೆರೆ ಕಡೆಯ ಹಳ್ಳಿ, ಜಾತ್ರೆಗೆ ಕುರುಕ್ಷೇತ್ರ ನಾಟಕ. ದುರ್ಯೋಧನನ ಪಾರ್ಟು ದೊಡ್ಡಪ್ಪನದು. ಇಪ್ಪತ್ತು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರು ತೀರಿಕೊಂಡ ವರ್ಷ ಡ್ರಾಮಾ ಮೇಷ್ಟ್ರು ಅದೇ ಗದೆಯನ್ನು ನಮ್ಮಪ್ಪನ ಕೈಗೆ ಕೊಟ್ಟರು. ಕಿರೀಟ ದೊಡ್ಡದಾಗಿ ಕಣ್ಣ ಮೇಲೆ ಜಾರುತ್ತಿತ್ತು, ಒಳಗೆ ಟವೆಲ್ ತುರುಕಿ ಕೂರಿಸಿದ್ದರು. ಜನ ಶಿಳ್ಳೆ ಹೊಡೆದರು. ದೊಡ್ಡಮ್ಮ ಮಾತ್ರ ಅರ್ಧಕ್ಕೇ ಎದ್ದು ಹೋದರು.

ನೀವೇನಂತೀರಿ? ಪಾರ್ಟು ದೊಡ್ಡದಾ, ಕಟ್ಟಿದವನಾ?

ಕೋಟೆ_ಬತೇರಿ (ಚಿತ್ರದುರ್ಗ):

ಪಾರ್ಟೇ ದೊಡ್ಡದು ಸಾರ್. ಸ್ಟ್ಯಾನ್ ಲೀ, ಜ್ಯಾಕ್ ಕಿರ್ಬಿ ಈ ರಾಜನನ್ನು ಕಾಮಿಕ್ಸ್‌ಗೆ ತಂದದ್ದು 1966ರಲ್ಲಿ. ಆ ಪಾರ್ಟು ಮಾಡಿದ ನಟ ಚಾಡ್ವಿಕ್ ಬೋಸ್‌ಮನ್ ಹುಟ್ಟಿದ್ದು 1976ರಲ್ಲಿ! ಕಥೆಯಲ್ಲಿ ಬರೋ ಆ ರಾಜನ ದೇಶ ವಕಾಂಡಾದಲ್ಲೂ ಬ್ಲ್ಯಾಕ್ ಪ್ಯಾಂಥರ್ ಅನ್ನೋದು ಒಬ್ಬರ ಹೆಸರಲ್ಲ, ಅಪ್ಪನಿಂದ ಮಗನಿಗೆ ಬಂದ ಪಟ್ಟ. ನಮ್ಮ ದುರ್ಗದಲ್ಲಿ ಮದಕರಿ ನಾಯಕ ಅನ್ನೋ ಹೆಸರಲ್ಲಿ ಒಬ್ಬರೇ ಆಳಿದರಾ?

ಬೆಣ್ಣೆ_ಖಾಲಿ (ದಾವಣಗೆರೆ):

ನಾನು ಒಪ್ಪಲ್ಲ. ಬೋಸ್‌ಮನ್‌ಗೆ ದೊಡ್ಡ ಕರುಳಿನ ಕ್ಯಾನ್ಸರ್ ಇದೆ ಅಂತ ಗೊತ್ತಾಗಿದ್ದು 2016ರಲ್ಲಿ. ಹೊರಗೆ ಬಾಯಿ ಬಿಡದೆ ಆ ಫೈಟುಗಳನ್ನೆಲ್ಲ ಮಾಡಿದ. 2018ರಲ್ಲಿ ಮೊದಲ ಭಾಗ ಬಂತು, 2020ರ ಆಗಸ್ಟ್ 28ಕ್ಕೆ ಹೋಗೇಬಿಟ್ಟ. 43 ವರ್ಷ ಅಷ್ಟೇ. ಅಮೆರಿಕದವನಾದರೂ ರಾಜನ ಮಾತಿನ ಧಾಟಿ ಆಫ್ರಿಕಾದ್ದೇ ಆಗಿರಬೇಕು ಅಂತ ಹಠ ಹಿಡಿದಿದ್ದ. ವಕಾಂಡಾದವರು ನಡುನಡುವೆ ಆಡೋದು ದಕ್ಷಿಣ ಆಫ್ರಿಕಾದ ಖೋಸಾ ಭಾಷೆ, ಗೊತ್ತಲ್ವಾ?

ಅಪ್ಪು ಹೋದಮೇಲೆ 'ಜೇಮ್ಸ್' ಬಂತು ನೋಡಿ, 2022ರ ಮಾರ್ಚ್ 17ಕ್ಕೆ. ದನಿ ಶಿವಣ್ಣನದು. ಸ್ವಂತ ಅಣ್ಣ. ಆದರೂ ಪರದೆ ಮೇಲೆ ಅಪ್ಪು ಮೊದಲ ಮಾತು ಆಡಿದಾಗ ನನ್ನ ಪಕ್ಕ ಕೂತಿದ್ದ ಆಟೋದವರು ತಲೆ ತಗ್ಗಿಸಿಬಿಟ್ಟರು. ದನಿ ಬೇರೆ ಆದದ್ದಕ್ಕೇ ಹೀಗೆ. ಇನ್ನು ಮುಖ?

ಕೋಟೆ_ಬತೇರಿ:

ಅದೂ ಸರಿ ಅನ್ನಿ. ಆದರೆ ಟಿಚಲ್ಲಾನ ಸೂಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲವಲ್ಲ, ತಂಗಿ ಶುರಿ ಹಾಕಿಕೊಂಡಳು. ಓಬವ್ವನ ಊರವನು, ನಾನು ಬೇಡ ಅನ್ನೋಕಾಗುತ್ತಾ? ಅದಿರಲಿ, ಕೊನೆಯಲ್ಲಿ ಹೆಸರುಗಳ ನಡುವೆ ಬರೋ ಸೀನ್ ನೋಡಿದಿರಾ? ಹೈಟಿಯಲ್ಲಿ ರಾಜನಿಗೊಬ್ಬ ಮಗ ಇದ್ದಾನೆ. ಅವನ ಹೆಸರೂ ಟಿಚಲ್ಲಾ.

ಮಂಡಕ್ಕಿ_ಮಿರ್ಚಿ:

ಅಯ್ಯೋ, ಹೆಸರು ಬರೋಕೆ ಶುರುವಾದ ಕೂಡಲೇ ಟಿವಿ ಆರಿಸಿ ಮಿರ್ಚಿ ತರೋಕೆ ಹೋಗಿದ್ದೆ! ಇವತ್ತು ರಾತ್ರಿ ಹುಡುಗನಿಗೆ ಅಷ್ಟನ್ನೇ ತೋರಿಸುತ್ತೇನೆ.

ಇದನ್ನೆಲ್ಲ ಓದಿ ಸುಮ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ಮರುವರ್ಷ ಕಿರೀಟದ ಒಳಗೆ ಬಟ್ಟೆ ಹೊಲಿದು ಅಪ್ಪನ ತಲೆ ಅಳತೆಗೆ ಸರಿ ಮಾಡಿಕೊಟ್ಟದ್ದು ದೊಡ್ಡಮ್ಮನೇ ಅಂತೆ. ನಾಟಕಕ್ಕೆ ಮಾತ್ರ ಬರಲಿಲ್ಲವಂತೆ.